ಹಕ್ಕು ಮೊದಲೋ, ಒಪ್ಪಂದ ಮೊದಲೋ: ಪಟ್ನಿಯಲ್ಲಿ ಐರ್ಟನ್ ಎತ್ತಿದ ಪ್ರಶ್ನೆಗೆ ಉತ್ತರವಿದೆಯೇ?

ತುಂಗಾತೀರ:

ಪದವಿ ತರಗತಿಯಲ್ಲಿ ಸಾಮಾಜಿಕ ಒಪ್ಪಂದವೆಂದರೆ ಹಾಬ್ಸ್, ಲಾಕ್, ರೂಸೋ ಮೂವರ ನಿಸರ್ಗಾವಸ್ಥೆಯನ್ನು, ಅಂದರೆ ಸರ್ಕಾರ ಹುಟ್ಟುವ ಮೊದಲಿನ ಸ್ಥಿತಿಯ ಕಲ್ಪನೆಯನ್ನು, ಹೋಲಿಸಿ ಬರೆಯುವ ಹತ್ತು ಅಂಕದ ಪ್ರಶ್ನೆ. ಆ ಪ್ರಶ್ನೆಪತ್ರಿಕೆಯಲ್ಲಿ ಎಂದೂ ಕಾಣಿಸಿಕೊಳ್ಳದ ಒಂದು ಪ್ರಸಂಗವನ್ನು ಇಲ್ಲಿ ಚರ್ಚೆಗೆ ಇಡುತ್ತಿದ್ದೇನೆ. ಆ ಮೂವರ ಗ್ರಂಥಗಳಿಗಿಂತ ಇದೇ ನನ್ನನ್ನು ಹೆಚ್ಚು ಕಾಡಿದೆ.

1647ರ ಅಕ್ಟೋಬರ್ 28ರಂದು, ಲಂಡನ್ನಿಗೆ ಹತ್ತಿರದ ಪಟ್ನಿಯ ಸೇಂಟ್ ಮೇರಿ ಚರ್ಚಿನಲ್ಲಿ, ದೊರೆ ಒಂದನೆಯ ಚಾರ್ಲ್ಸನನ್ನು ಯುದ್ಧದಲ್ಲಿ ಸೋಲಿಸಿದ್ದ ಸೇನೆಯ ಅಧಿಕಾರಿಗಳೂ ಸಿಪಾಯಿಗಳು ಆರಿಸಿ ಕಳುಹಿಸಿದ್ದ ಪ್ರತಿನಿಧಿಗಳೂ ಸೇನಾನಾಯಕ ಕ್ರಾಮ್‌ವೆಲ್‌ನ ಅಧ್ಯಕ್ಷತೆಯಲ್ಲಿ ಸೇರಿದರು. ಅವರ ಮುಂದಿದ್ದ ಕರಡಿನ ಹೆಸರೇ 'ಜನತೆಯ ಒಪ್ಪಂದ'. ತತ್ತ್ವಜ್ಞಾನಿಗಳು ಊಹೆಯಲ್ಲಿ ನಡೆಸುವ ಒಪ್ಪಂದವನ್ನು ಈ ಜನ ಕಾಗದದ ಮೇಲೆ ಬರೆದುಕೊಂಡು ಬಂದಿದ್ದರು. ಸೇನೆಯ ಕಾರ್ಯದರ್ಶಿ ವಿಲಿಯಂ ಕ್ಲಾರ್ಕ್ ಮಾತುಗಳನ್ನು ಶೀಘ್ರಲಿಪಿಯಲ್ಲಿ ಬರೆದುಕೊಂಡಿದ್ದ. ಆ ದಾಖಲೆ ಆಕ್ಸ್‌ಫರ್ಡಿನ ಒಂದು ಕಾಲೇಜಿನ ಗ್ರಂಥಾಲಯದಲ್ಲಿ ಉಳಿದುಕೊಂಡು 1891ರಲ್ಲಿ ಅಚ್ಚಾಯಿತು.

ಎರಡನೆಯ ದಿನ ಜಗಳ ಹತ್ತಿದ್ದು ಮತದಾನದ ವಿಷಯದಲ್ಲಿ. 1430ರಿಂದ ಇಂಗ್ಲೆಂಡಿನ ಕೌಂಟಿಗಳಲ್ಲಿ ವರ್ಷಕ್ಕೆ ನಲವತ್ತು ಶಿಲಿಂಗ್ ಹುಟ್ಟುವಳಿಯ ಸ್ವಂತ ಭೂಮಿ ಇದ್ದವರಿಗೆ ಮಾತ್ರ ಮತವಿತ್ತು. ಕರ್ನಲ್ ರೇನ್ಸ್‌ಬರೋ ಎದ್ದು, ಇಂಗ್ಲೆಂಡಿನ ಅತ್ಯಂತ ಬಡವನಿಗೂ ಅತ್ಯಂತ ದೊಡ್ಡವನಂತೆಯೇ ಬಾಳುವುದಕ್ಕೆ ಒಂದು ಬಾಳಿದೆ, ಆದ್ದರಿಂದ ಯಾವ ಸರ್ಕಾರದ ಕೆಳಗೆ ಬದುಕಬೇಕೋ ಅದಕ್ಕೆ ಅವನು ತಾನಾಗಿ ಒಪ್ಪಿಗೆ ಕೊಟ್ಟಿರಬೇಕು, ಕೊಡದಿದ್ದರೆ ಆ ಸರ್ಕಾರಕ್ಕೆ ಅವನು ಬದ್ಧನೇ ಅಲ್ಲ ಎಂದ. ಕ್ರಾಮ್‌ವೆಲ್‌ನ ಅಳಿಯ ಐರ್ಟನ್ ಕೊಟ್ಟ ಉತ್ತರ ಹೀಗಿತ್ತು: ನಿಸರ್ಗದತ್ತ ಹಕ್ಕಿನ ಬಲದಿಂದ ನೀವು ಮತ ಕೇಳುವುದಾದರೆ, ಅದೇ ಬಲದಿಂದ ಯಾರು ಬೇಕಾದರೂ ಕಣ್ಣಿಗೆ ಬಿದ್ದ ಅನ್ನವನ್ನೂ ಬಟ್ಟೆಯನ್ನೂ ನೆಲವನ್ನೂ ತನ್ನದೆಂದು ತೆಗೆದುಕೊಳ್ಳಬಹುದು, ಬೇಡವೆನ್ನಲು ನಿಮ್ಮ ಬಳಿ ಯಾವ ಆಧಾರವಿದೆ? ದೇವರ ಆಜ್ಞೆಯಲ್ಲಿ ಕದಿಯಬೇಡ ಎಂದಿದೆಯಲ್ಲ ಎಂದು ರೇನ್ಸ್‌ಬರೋ ಹೇಳಿದ. ಐರ್ಟನ್ ಅದಕ್ಕೂ ಬಗ್ಗಲಿಲ್ಲ. ಯಾವುದು ಯಾರದ್ದೆಂದು ದೇವರ ಕಾನೂನೂ ಹೇಳುವುದಿಲ್ಲ, ನಿಸರ್ಗದ ಕಾನೂನೂ ಹೇಳುವುದಿಲ್ಲ, ಆಸ್ತಿಯೆಂಬುದು ಮನುಷ್ಯರು ಮಾಡಿಕೊಂಡ ರಾಜ್ಯವ್ಯವಸ್ಥೆಯಿಂದ ಹುಟ್ಟಿದ್ದು ಎಂದು ಅವನ ವಾದ.

ನನ್ನ ಸಹಾನುಭೂತಿ ಪೂರ್ತಿಯಾಗಿ ರೇನ್ಸ್‌ಬರೋ ಕಡೆಗಿದೆ. ಆದರೆ ಆ ದಿನ ತರ್ಕದಲ್ಲಿ ಗೆದ್ದವನು ಐರ್ಟನ್ ಎಂದೇ ನನಗೆ ತೋರುತ್ತದೆ. ತಾವೆಲ್ಲರೂ ಏನೆನ್ನುತ್ತೀರಿ?

ಹಳೆಯ ಮೇಷ್ಟರು:

ಒಳ್ಳೆಯ ಪ್ರಸಂಗವನ್ನು ಎತ್ತಿದ್ದೀರಿ. ಐರ್ಟನ್ನನ ಪ್ರಶ್ನೆಗೆ ಲಾಕ್ ಉತ್ತರ ಕೊಟ್ಟಿದ್ದಾನೆ ಎಂಬುದು ನನ್ನ ಅಭಿಪ್ರಾಯ, ಪಟ್ನಿಯ ಹೆಸರನ್ನು ಅವನು ಎತ್ತದಿದ್ದರೂ. 1689ರ ಕೊನೆಯಲ್ಲಿ ಲೇಖಕನ ಹೆಸರಿಲ್ಲದೆ ಹೊರಬಂದ, ಸರ್ಕಾರವನ್ನು ಕುರಿತ ಅವನ ಎರಡನೆಯ ಪ್ರಬಂಧದಲ್ಲಿ ಆಸ್ತಿಯ ಅಧ್ಯಾಯ ಐದನೆಯದು. ರಾಜಕೀಯ ಸಮಾಜ ಹುಟ್ಟುವ ಅಧ್ಯಾಯಗಳು ಅದಾದ ಮೇಲೆ ಬರುತ್ತವೆ. ಈ ಅನುಕ್ರಮದಲ್ಲೇ ಅವನ ವಾದವಿದೆ. ನನ್ನ ದೇಹ ನನ್ನದು, ದೇಹದ ದುಡಿಮೆ ನನ್ನದು, ದುಡಿಮೆಯನ್ನು ಯಾವುದರೊಂದಿಗೆ ಬೆರೆಸಿದೆನೋ ಅದು ನನ್ನದು. ಇವೆಲ್ಲ ಸರ್ಕಾರ ಹುಟ್ಟುವ ಮೊದಲೇ ಆಗಿಹೋಗಿರುತ್ತವೆ. ಆದ್ದರಿಂದ ನಿಸರ್ಗದತ್ತ ಹಕ್ಕನ್ನು ಒಪ್ಪಿದರೆ ಆಸ್ತಿ ಕುಸಿಯುತ್ತದೆ ಎಂಬ ಐರ್ಟನ್ನನ ಭಯಕ್ಕೆ ಕಾರಣವೇ ಉಳಿಯುವುದಿಲ್ಲ, ಏಕೆಂದರೆ ಆಸ್ತಿಯೂ ನಿಸರ್ಗದತ್ತ ಹಕ್ಕುಗಳ ಪಂಕ್ತಿಯಲ್ಲೇ ಕುಳಿತಿದೆ.

'ಜನತೆಯ ಒಪ್ಪಂದ'ದ ಬೆನ್ನಿಗಿದ್ದ, ಮತದ ಹಕ್ಕನ್ನು ಹಿಗ್ಗಿಸಬೇಕೆಂದ ಲೆವೆಲರ್ ಪಂಥದ ರಿಚರ್ಡ್ ಓವರ್ಟನ್, ಪ್ರತಿ ಮನುಷ್ಯನಿಗೂ ತನ್ನ ಮೇಲೆ ನಿಸರ್ಗವೇ ಕೊಟ್ಟ ಒಡೆತನವಿದೆ ಎಂದು ಪಟ್ನಿಗೆ ಒಂದು ವರ್ಷ ಮೊದಲೇ ಬರೆದಿದ್ದ. ಚರ್ಚೆಯ ದಿನ ಆ ಎಳೆಯನ್ನು ಯಾರೂ ಗಟ್ಟಿಯಾಗಿ ಹಿಡಿಯಲಿಲ್ಲ ಎಂಬುದು ನನ್ನ ಕೊರಗು.

ಮಲೆನಾಡ ಮೊಮ್ಮಗ:

ಮೇಷ್ಟರೇ, ತಾವು ಹೇಳಿದ ಅಧ್ಯಾಯವನ್ನು ನಾನೂ ಓದಿದ್ದೇನೆ. ಅಲ್ಲೊಂದು ವಾಕ್ಯ ಗಂಟಲಿಗೆ ಸಿಕ್ಕಿಕೊಳ್ಳುತ್ತದೆ. ನನ್ನ ಕುದುರೆ ಮೇಯ್ದ ಹುಲ್ಲು, ನನ್ನ ಆಳು ಕಡಿದ ಹೆಂಟೆ, ನಾನು ಅಗೆದು ತೆಗೆದ ಅದಿರು, ಇವು ಯಾರ ಅಪ್ಪಣೆಯೂ ಇಲ್ಲದೆ ನನ್ನವಾಗುತ್ತವೆ ಎನ್ನುತ್ತಾನೆ ಲಾಕ್. ಕಡಿದವನು ಆಳು, ಒಡೆಯ ಮಾತ್ರ ಇನ್ನೊಬ್ಬ! ಕುದುರೆಯನ್ನೂ ಆಳನ್ನೂ ಒಂದೇ ಉಸಿರಿನಲ್ಲಿ ಎಣಿಸಿ, ದುಡಿಮೆಯೇ ಒಡೆತನದ ಮೂಲವೆಂದು ಪಾಠ ಹೇಳುವುದು ಹೇಗೆ?

ಅದೇ ಅಧ್ಯಾಯದಲ್ಲಿ ಆದಿಯಲ್ಲಿ ಜಗತ್ತೆಲ್ಲವೂ ಅಮೆರಿಕವಾಗಿತ್ತು ಎಂಬ ಮಾತೂ ಇದೆ. ಅಲ್ಲಿನ ಮೂಲನಿವಾಸಿಗಳು ಬೇಟೆಯಾಡುತ್ತಿದ್ದ ನೆಲ ಉತ್ತು ಬಿತ್ತಿದ ನೆಲವಲ್ಲವಾದ್ದರಿಂದ ಪಾಳು ಎಂದಾಗುತ್ತದೆ, ಪಾಳೆಂದ ಮೇಲೆ ಬಂದವನು ಬೇಲಿ ಹಾಕಬಹುದು. ಬರೆದವನು ಕೆರೊಲಿನಾ ವಸಾಹತಿನ ಒಡೆಯರಿಗೆ ಕಾರ್ಯದರ್ಶಿಯಾಗಿ ಕೆಲಸ ಮಾಡಿದ್ದವನು. ಗುಲಾಮರ ಮೇಲೆ ಒಡೆಯನಿಗೆ ಸಂಪೂರ್ಣ ಅಧಿಕಾರ ಕೊಟ್ಟ ಆ ವಸಾಹತಿನ 1669ರ ಮೂಲ ಶಾಸನದ ತಯಾರಿಯಲ್ಲಿ ಅವನ ಕೈಯೂ ಇತ್ತು.

ನಮ್ಮ ಅಜ್ಜ ಸಾಗರದ ಕಡೆ ಗೇಣಿಗೆ ಗದ್ದೆ ಮಾಡಿದವರು. ಆ ಸೀಮೆಯಲ್ಲೇ 1951ರಲ್ಲಿ ಕಾಗೋಡು ಸತ್ಯಾಗ್ರಹ ನಡೆದು, ಲೋಹಿಯಾ ಅಲ್ಲಿಗೆ ಬಂದು ಬಂಧನಕ್ಕೆ ಒಳಗಾದರು. 'ಉಳುವವನೇ ಹೊಲದೊಡೆಯ' ಎಂಬ ಘೋಷಣೆಯನ್ನು ಕೇಳಿದಾಗ ಅದು ಲಾಕ್‌ನ ಮಾತೇ ಎಂದು ಅನ್ನಿಸಬಹುದು. ಆದರೆ ಅಜ್ಜನ ಹೆಸರು ಪಹಣಿಗೆ ಬಂದದ್ದು ಯಾವ ನಿಸರ್ಗದಿಂದಲೂ ಅಲ್ಲ. ರಾಜ್ಯದ ಭೂಸುಧಾರಣಾ ಕಾಯ್ದೆಗೆ ತಿದ್ದುಪಡಿಯಾಗಿ, 1974ರ ಮಾರ್ಚ್ 1ರಂದು ಗೇಣಿ ಜಮೀನೆಲ್ಲ ಸರ್ಕಾರದಲ್ಲಿ ನಿಹಿತವಾಗಿ, ಗೇಣಿದಾರರು ಒಡೆತನ ಕೇಳುವ ಅರ್ಜಿಯಾದ ಫಾರಂ 7 ತುಂಬಿ ಭೂನ್ಯಾಯ ಮಂಡಳಿಯ ಮುಂದೆ ನಿಂತ ಮೇಲೆ ಬಂದದ್ದು. ಅಂದರೆ ಐರ್ಟನ್ ಹೇಳಿದ್ದೇ ಸರಿ, ಆಸ್ತಿ ಕಾನೂನಿನಿಂದ ಹುಟ್ಟುತ್ತದೆ. ಹುಟ್ಟಿಸಿದ ಕಾನೂನು ಅದನ್ನು ಬೇರೊಬ್ಬನಿಗೆ ಕೊಡಲೂ ಬಲ್ಲದು ಎಂಬ ಮುಂದಿನ ಹೆಜ್ಜೆಯನ್ನು ಮಾತ್ರ ಅವನು ಇಡಲಿಲ್ಲ. ಅಜ್ಜನ ಗದ್ದೆಯಲ್ಲಿ ಕೂಲಿಗೆ ಬಂದು ನಾಟಿ ಮಾಡಿದವರಿಗೆ ಫಾರಂ 7 ಇರಲಿಲ್ಲ ಎಂಬುದನ್ನೂ ಹೇಳಿಬಿಡುತ್ತೇನೆ. ಲಾಕ್‌ನ ಆಳು ನಮ್ಮ ಕಾಯ್ದೆಯಲ್ಲೂ ಹೊರಗೇ ಉಳಿದ.

ಸಂಶಯಪಿಶಾಚಿ:

ಮೂಲದ ಮಾತಿಗೆ ಬರೋಣ. ನಿಸರ್ಗದತ್ತ ಹಕ್ಕು ಎಂಬುದು ಇದೆಯೆಂದು ಇಲ್ಲಿ ಯಾರೂ ಇನ್ನೂ ತೋರಿಸಿಲ್ಲ. ಫ್ರಾನ್ಸಿನ 1789ರ ಮಾನವ ಹಕ್ಕುಗಳ ಘೋಷಣೆಯನ್ನು ಓದಿದ ಇಂಗ್ಲಿಷ್ ಚಿಂತಕ ಬೆಂಥಮ್, ಕಾನೂನಿಗೂ ಹಿಂದಿನ ಹಕ್ಕೆಂಬುದು ಬರೀ ಅಸಂಬದ್ಧ, ಯಾರೂ ಕಸಿಯಲಾಗದ ಹಕ್ಕೆಂಬುದು ಮರಗಾಲು ಕಟ್ಟಿಕೊಂಡ ಅಸಂಬದ್ಧ ಎಂದು ಬರೆದ. ಹಕ್ಕು ಇದ್ದರೆ ಚೆನ್ನಾಗಿತ್ತು ಎಂಬ ಆಸೆಯಿಂದ ಹಕ್ಕು ಹುಟ್ಟುವುದಿಲ್ಲ. ಹಸಿದವನ ಹಸಿವು ಎಷ್ಟೇ ನಿಜವಾದರೂ ಅದು ಅನ್ನವಾಗುವುದಿಲ್ಲ.

ಒಪ್ಪಂದದ ಕಥೆಯನ್ನಂತೂ ಹ್ಯೂಮ್ 1748ರಲ್ಲೇ ಮುಗಿಸಿದ್ದಾನೆ. ದೇಶದಲ್ಲಿ ವಾಸವಾಗಿರುವುದೇ ಮೌನಸಮ್ಮತಿ, ಹೆದ್ದಾರಿಯಲ್ಲಿ ಸುಮ್ಮನೆ ನಡೆದುಹೋದರೂ ಸಮ್ಮತಿ ಎಂದು ಲಾಕ್ ಹೇಳಿದ್ದನಲ್ಲ, ಅದಕ್ಕೆ ಹ್ಯೂಮ್ ಕೇಳಿದ್ದು ಇಷ್ಟೇ: ದಿನಗೂಲಿಯಲ್ಲಿ ಬದುಕುವ, ಬೇರೆ ದೇಶದ ಭಾಷೆಯಾಗಲಿ ರೀತಿಯಾಗಲಿ ತಿಳಿಯದ ಬಡ ರೈತನಿಗೆ ದೇಶ ಬಿಟ್ಟುಹೋಗುವ ಆಯ್ಕೆ ಇದೆಯೇ? ನಿದ್ದೆಯಲ್ಲಿದ್ದವನನ್ನು ಎತ್ತಿ ಹಡಗಿಗೆ ಹಾಕಿ, ಇಲ್ಲೇ ಇದ್ದೀಯಲ್ಲ, ಬೇಡವಾಗಿದ್ದರೆ ಸಮುದ್ರಕ್ಕೆ ಹಾರಬಹುದಿತ್ತು, ಆದ್ದರಿಂದ ಕಪ್ತಾನನನ್ನು ಒಪ್ಪಿದ್ದೀಯ ಎಂದ ಹಾಗಾಯಿತು.

ಹೊರನಾಡ ಕನ್ನಡತಿ:

ಹ್ಯೂಮ್‌ನ ಹಡಗಿಗೆ ನಾನು ಎಚ್ಚರದಲ್ಲಿದ್ದೇ ಹತ್ತಿದವಳು, ಆದ್ದರಿಂದ ಒಂದು ಮಾತು. ಬರೀ ವಾಸದಿಂದ ಯಾರೂ ಸಮಾಜದ ಕಾಯಂ ಸದಸ್ಯರಾಗುವುದಿಲ್ಲ, ಅದಕ್ಕೆ ಬಾಯಿಬಿಟ್ಟು ಕೊಟ್ಟ ವಚನವೇ ಬೇಕು ಎಂಬುದೂ ಲಾಕ್‌ನದೇ ಮಾತು. ಬೇರೊಂದು ದೇಶದ ಪೌರತ್ವ ಪಡೆಯುವ ದಿನ ಅಪರಿಚಿತರ ನಡುವೆ ನಿಂತು, ಬಲಗೈ ಎತ್ತಿ, ಅಧಿಕಾರಿ ಹೇಳಿಕೊಟ್ಟ ವಾಕ್ಯಗಳನ್ನು ತುಂಡುತುಂಡಾಗಿ ಹಿಂದಿನಿಂದ ಹೇಳಿದವಳು ನಾನು. ಆಮೇಲೆ ಭಾರತದ ಪಾಸ್‌ಪೋರ್ಟನ್ನು ಮರಳಿಸಿದೆ. ನಮ್ಮ ಸಂವಿಧಾನ ಎರಡು ಪೌರತ್ವವನ್ನು ಒಪ್ಪುವುದಿಲ್ಲ. ಲಾಕ್‌ನ ಲೆಕ್ಕದಲ್ಲಿ ಆ ದೇಶದ ಒಪ್ಪಂದಕ್ಕೆ ನಿಜವಾಗಿ ಸಹಿ ಹಾಕಿದವರು ನನ್ನಂಥ ವಲಸಿಗರೇ. ಅಲ್ಲೇ ಹುಟ್ಟಿ ಬೆಳೆದ ನೆರೆಹೊರೆಯವರು ಯಾರೂ ಅಂಥ ವಚನ ಕೊಟ್ಟಿಲ್ಲ, ಆದರೂ ನೀನು ಎಲ್ಲಿಯವಳು ಎಂದು ಅವರೇ ನನ್ನನ್ನು ಕೇಳುತ್ತಾರೆ!

ಇನ್ನೊಂದು ವಿಷಯ. ಪಟ್ನಿಯಲ್ಲಿ ಮಾತಾಡಿದವರೆಲ್ಲ ಗಂಡಸರು, ಅವರ 'ಅತ್ಯಂತ ಬಡವ'ನೂ ಗಂಡಸೇ. ಲೆವೆಲರ್‌ಗಳ ಪರವಾಗಿದ್ದ ಮ್ಯಾಕ್ಸಿಮಿಲಿಯನ್ ಪೆಟಿಯೇ ಮನೆಯಾಳುಗಳನ್ನೂ ಭಿಕ್ಷೆಯ ಮೇಲೆ ಬದುಕುವವರನ್ನೂ ಬಿಟ್ಟುಬಿಡೋಣ ಎಂದ, ಅವರು ಯಜಮಾನನ ಮರ್ಜಿಯಲ್ಲಿರುವವರು ಎಂಬ ಕಾರಣ ಕೊಟ್ಟ. ಹೆಂಗಸರನ್ನು ಬಿಡಬೇಕೆಂದು ಹೇಳುವ ಅಗತ್ಯವೂ ಯಾರಿಗೂ ಕಾಣಲಿಲ್ಲ. 1649ರ ಮೇ ತಿಂಗಳಲ್ಲಿ ಲೆವೆಲರ್ ಹೆಂಗಸರು ಪಾರ್ಲಿಮೆಂಟಿಗೆ ಅರ್ಜಿ ಕೊಟ್ಟು, ದೇವರ ರೂಪದಲ್ಲಿ ಸೃಷ್ಟಿಯಾದ ನಮಗೂ ಈ ದೇಶದ ಸ್ವಾತಂತ್ರ್ಯಗಳಲ್ಲಿ ಪಾಲಿದೆ ಎಂದರು. ಮತ ಬೇಕೆಂದು ಅವರೂ ಕೇಳಲಿಲ್ಲ. ಅರ್ಜಿ ಕೊಡುವ ಹಕ್ಕನ್ನು ಎತ್ತಿಹಿಡಿದರು, ಅಷ್ಟೇ.

ಕರಿಕೋಟು:

ವೃತ್ತಿಯಿಂದ ವಕೀಲನಾದ್ದರಿಂದ ಈ ಚರ್ಚೆಯನ್ನು ನ್ಯಾಯಾಲಯದ ಒಳಗೆ ಎಳೆದರೆ ಕ್ಷಮಿಸಬೇಕು, ಆದರೆ ನಿಸರ್ಗದತ್ತ ಹಕ್ಕು ಇದೆಯೇ ಇಲ್ಲವೇ ಎಂಬ ಪ್ರಶ್ನೆ ನಮ್ಮ ದೇಶದಲ್ಲಿ ಜೈಲಿನ ಕಂಬಿಯ ಹಿಂದೆ ನಿಂತೇ ಕೇಳಿಬಂದದ್ದು.

1975ರ ಜೂನ್ 27ರಂದು ಹೊರಟ ರಾಷ್ಟ್ರಪತಿಗಳ ಆದೇಶದ ಪ್ರಕಾರ, ತುರ್ತುಪರಿಸ್ಥಿತಿ ಇರುವವರೆಗೆ ಸಂವಿಧಾನದ 14, 21, 22ನೇ ವಿಧಿಗಳ ಹಕ್ಕುಗಳಿಗಾಗಿ ಯಾರೂ ನ್ಯಾಯಾಲಯಕ್ಕೆ ಹೋಗುವಂತಿರಲಿಲ್ಲ. ಸಂಸದೀಯ ಸಮಿತಿಯ ಕೆಲಸಕ್ಕೆಂದು ಬೆಂಗಳೂರಿಗೆ ಬಂದಿದ್ದ ವಾಜಪೇಯಿ, ಅಡ್ವಾಣಿ, ಮಧು ದಂಡವತೆ ಮೊದಲಾದವರನ್ನು ಇಲ್ಲಿಯೇ ಬಂಧಿಸಲಾಗಿತ್ತು. ಅವರು ಕರ್ನಾಟಕ ಹೈಕೋರ್ಟಿನಲ್ಲಿ, ಬಂಧನ ಕಾನೂನುಬದ್ಧವೇ ಎಂದು ಪ್ರಶ್ನಿಸುವ ಹೇಬಿಯಸ್ ಕಾರ್ಪಸ್ ಅರ್ಜಿ ಹಾಕಿದರು. ದೇಶದ ಒಂಬತ್ತು ಹೈಕೋರ್ಟುಗಳು ಇಂಥ ಅರ್ಜಿಗಳನ್ನು ಕೇಳಬಹುದೆಂದವು. ಸರ್ಕಾರ ಸುಪ್ರೀಂ ಕೋರ್ಟಿಗೆ ಹೋಯಿತು. ಅದೇ ಎ.ಡಿ.ಎಂ. ಜಬಲ್ಪುರ ಪ್ರಕರಣ.

ವಾದದ ನಡುವೆ ನ್ಯಾಯಮೂರ್ತಿ ಎಚ್.ಆರ್. ಖನ್ನಾ ಅವರು ಅಟಾರ್ನಿ ಜನರಲ್ ನಿರೇನ್ ಡೇ ಅವರನ್ನು, ಒಬ್ಬ ಪೊಲೀಸ್ ಅಧಿಕಾರಿ ಸ್ವಂತ ಹಗೆಯಿಂದ ಒಬ್ಬನನ್ನು ಕೊಂದರೂ ಪರಿಹಾರವಿಲ್ಲವೇ ಎಂದು ಕೇಳಿದರು. ತಮ್ಮ ವಾದದ ಪ್ರಕಾರ ತುರ್ತುಪರಿಸ್ಥಿತಿ ಇರುವವರೆಗೆ ಇಲ್ಲ ಎಂದೇ ಉತ್ತರ ಬಂತು. ಅದು ಬಾಯಿತಪ್ಪಿ ಬಂದ ಮಾತಲ್ಲ. ಜೀವಿಸುವ ಹಕ್ಕು 21ನೇ ವಿಧಿಯಿಂದಲೇ ಹುಟ್ಟಿದ್ದಾದರೆ, ಆ ವಿಧಿ ಮಲಗಿದಾಗ ಹಕ್ಕೂ ಮಲಗಲೇಬೇಕು. ಐರ್ಟನ್ ಆಸ್ತಿಯ ಬಗ್ಗೆ ಹೇಳಿದ್ದನ್ನು ಪ್ರಾಣಕ್ಕೂ ಹೊಂದಿಸಿದರೆ ತಲುಪುವ ಜಾಗ ಇದು. 1976ರ ಏಪ್ರಿಲ್ 28ರಂದು ನಾಲ್ವರು ನ್ಯಾಯಮೂರ್ತಿಗಳು ಸರ್ಕಾರದ ವಾದವನ್ನು ಒಪ್ಪಿದರು. ಖನ್ನಾ ಒಬ್ಬರೇ ಭಿನ್ನ ತೀರ್ಪು ಬರೆದು, 21ನೇ ವಿಧಿಯೇ ಇಲ್ಲದಿದ್ದರೂ ಕಾನೂನಿನ ಅಧಿಕಾರವಿಲ್ಲದೆ ಯಾರ ಪ್ರಾಣವನ್ನಾಗಲಿ ಸ್ವಾತಂತ್ರ್ಯವನ್ನಾಗಲಿ ಕಸಿಯುವ ಶಕ್ತಿ ರಾಜ್ಯಕ್ಕಿಲ್ಲ, ಸಂವಿಧಾನದ ಕರಡು ಬರೆಯುವಾಗ ಪ್ರಾಣದ ಪಾವಿತ್ರ್ಯವೇನೂ ಹೊಸದಾಗಿ ಹುಟ್ಟಲಿಲ್ಲ ಎಂದರು. ಮುಂದಿನ ಜನವರಿಯಲ್ಲಿ ಅವರನ್ನು ದಾಟಿ ಅವರಿಗಿಂತ ಕಿರಿಯರನ್ನು ಮುಖ್ಯ ನ್ಯಾಯಮೂರ್ತಿ ಮಾಡಲಾಯಿತು, ಖನ್ನಾ ರಾಜೀನಾಮೆ ಕೊಟ್ಟರು.

ಆಸ್ತಿಯ ವಿಷಯಕ್ಕೆ ಬಂದರೆ, ಇದೇ ಖನ್ನಾ ಅವರು 1973ರ ಕೇಶವಾನಂದ ಭಾರತಿ ಪ್ರಕರಣದಲ್ಲಿ, ಕಾಸರಗೋಡಿನ ಎಡನೀರು ಮಠದ ಭೂಮಿಯ ದಾವೆಯಾಗಿ ಶುರುವಾಗಿ ಏಳು–ಆರರ ಬಹುಮತದಲ್ಲಿ ಮುಗಿದ ಆ ಪ್ರಕರಣದಲ್ಲಿ, ಸಂವಿಧಾನದ ಮೂಲ ಸಂರಚನೆಯನ್ನು ಸಂಸತ್ತು ಅಳಿಸುವಂತಿಲ್ಲ ಎಂದವರ ಜೊತೆಗೂಡಿದರು. ಆದರೆ ಆಸ್ತಿಯ ಹಕ್ಕು ಆ ಮೂಲ ಸಂರಚನೆಗೆ ಸೇರಿಲ್ಲ ಎಂದೂ ಬರೆದರು. ಆಸ್ತಿಯಲ್ಲಿ ಐರ್ಟನ್, ಪ್ರಾಣದಲ್ಲಿ ರೇನ್ಸ್‌ಬರೋ. ಲಾಕ್ ಎರಡನ್ನೂ ಒಂದೇ ಗಂಟಿನಲ್ಲಿ ಕಟ್ಟಿದ್ದ, ಖನ್ನಾ ಆ ಗಂಟನ್ನು ಬಿಚ್ಚಿದರು ಎಂದು ನಾನು ಓದುತ್ತೇನೆ. 1978ರ 44ನೇ ತಿದ್ದುಪಡಿ ಇದೇ ಗೆರೆಯನ್ನು ಹಿಡಿದು ನಡೆಯಿತು: ಆಸ್ತಿಯನ್ನು ಮೂಲಭೂತ ಹಕ್ಕುಗಳಿಂದ ತೆಗೆದು, ಕಾನೂನಿನ ಅಧಿಕಾರವಿದ್ದರೆ ಕಸಿಯಬಹುದಾದ 300ಎ ವಿಧಿಗೆ ಇಳಿಸಿತು, ಅದೇ ಕಾಗದದಲ್ಲಿ 21ನೇ ವಿಧಿಯನ್ನು ತುರ್ತುಪರಿಸ್ಥಿತಿಯಲ್ಲೂ ಅಮಾನತು ಮಾಡಬಾರದೆಂದು ಬರೆಯಿತು. ಕಡೆಗೆ 2017ರಲ್ಲಿ, ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ ಅವರ ಅರ್ಜಿಯ ಮೇಲೆ ಒಂಬತ್ತು ನ್ಯಾಯಮೂರ್ತಿಗಳ ಪೀಠ ಜಬಲ್ಪುರದ ತೀರ್ಪನ್ನು ತಳ್ಳಿಹಾಕಿತು. 1976ರ ಬಹುಮತದಲ್ಲಿ ಒಬ್ಬರಾಗಿದ್ದ ವೈ.ವಿ. ಚಂದ್ರಚೂಡ್ ಅವರ ಮಗನೇ ಆ ಭಾಗವನ್ನು ಬರೆದವರು.

ಹಳೆಯ ಮೇಷ್ಟರು:

ಕರಿಕೋಟು ಅವರೇ, ಬಹಳ ಚೆನ್ನಾಗಿ ಹೇಳಿದಿರಿ. ಇದಕ್ಕೆ ಹಾಬ್ಸ್‌ನನ್ನೂ ಸೇರಿಸಬಹುದು. ಸರ್ವಾಧಿಕಾರದ ವಕೀಲನೆಂದು ಹೆಸರಾದ ಅವನೂ, ಮರಣದಂಡನೆ ನ್ಯಾಯವಾಗಿಯೇ ಆಗಿದ್ದರೂ ತನ್ನನ್ನು ಕೊಲ್ಲಲು ಬಂದವನನ್ನು ಪ್ರತಿಭಟಿಸುವ ಸ್ವಾತಂತ್ರ್ಯವನ್ನು ಯಾವ ಒಪ್ಪಂದವೂ ಕಸಿಯಲಾರದು ಎಂದು 1651ರಲ್ಲಿ ಬರೆದ. ಹಾಬ್ಸ್ ಕೂಡ ದಾಟದ ಗೆರೆಯನ್ನು ನಮ್ಮ ನಾಲ್ವರು ದಾಟಿದರು.

ಸಂಶಯಪಿಶಾಚಿ:

ಮೇಷ್ಟರೇ, ಇಲ್ಲಿ ತುಸು ನಿಲ್ಲಬೇಕು. ಹಾಬ್ಸ್‌ನ ಕೈದಿಗೆ ಒದ್ದಾಡುವ ಸ್ವಾತಂತ್ರ್ಯವಿದೆ, ಸರಿ. ಆದರೆ ಅವನನ್ನು ಕೊಲ್ಲದಿರುವ ಕರ್ತವ್ಯ ದೊರೆಗಿಲ್ಲ. ಇಬ್ಬರೂ ತಪ್ಪು ಮಾಡದೆಯೇ ಒಬ್ಬ ಕೊಲ್ಲುತ್ತಾನೆ, ಇನ್ನೊಬ್ಬ ತಪ್ಪಿಸಿಕೊಳ್ಳಲು ನೋಡುತ್ತಾನೆ. ಎದುರಿನವನ ಮೇಲೆ ಯಾವ ಹೊಣೆಯನ್ನೂ ಹೊರಿಸದ ಇಂಥ ಹಕ್ಕಿನಿಂದ ಬೆಂಗಳೂರಿನ ಜೈಲಿನಲ್ಲಿದ್ದವರಿಗೆ ಏನು ಸಿಗುತ್ತಿತ್ತು? ಜಬಲ್ಪುರದ ನಾಲ್ವರೂ ಹಾಬ್ಸ್‌ನನ್ನು ಒಪ್ಪಿಯೇ ಆ ತೀರ್ಪನ್ನು ಬರೆಯಬಹುದಿತ್ತು.

ಕರಿಕೋಟು ಅವರಿಗೂ ಒಂದು ಪ್ರಶ್ನೆ. ಪ್ರಾಣಕ್ಕೆ ಈಗ ರಕ್ಷಣೆ ಕೊಟ್ಟದ್ದೂ ಒಂದು ತಿದ್ದುಪಡಿ, ಒಂದು ತೀರ್ಪು. ಎರಡೂ ಮನುಷ್ಯರು ಮಾಡಿದ ಕಾನೂನೇ. ಐರ್ಟನ್ ಇಲ್ಲಿ ಸೋತದ್ದೆಲ್ಲಿ?

ಮಲೆನಾಡ ಮೊಮ್ಮಗ:

ಪಿಶಾಚಿಯವರೇ, ನೀವು ಇಷ್ಟೆಲ್ಲ ವಾದ ಮಾಡಿ, ಪೊಲೀಸನು ಹಗೆಯಿಂದ ಕೊಂದರೂ ಕೇಳುವಂತಿಲ್ಲ ಎಂಬ ಉತ್ತರವನ್ನು ತಪ್ಪು ಎನ್ನುತ್ತೀರೋ ಇಲ್ಲವೋ? ತಪ್ಪು ಎನ್ನುವುದಾದರೆ ಯಾವ ಕಾನೂನಿನ ಪ್ರಕಾರ ತಪ್ಪು? ಆ ದಿನ ಜಾರಿಯಲ್ಲಿದ್ದ ಕಾನೂನಿನ ಪ್ರಕಾರ ಅದು ಸರಿಯೆಂದೇ ದೇಶದ ಅತ್ಯುನ್ನತ ನ್ಯಾಯಾಲಯ ಹೇಳಿತ್ತಲ್ಲ.

ಸಂಶಯಪಿಶಾಚಿ:

ತಪ್ಪು ಎನ್ನುತ್ತೇನೆ. ಆದರೆ ಕೆಟ್ಟ ಕಾನೂನು ಎಂಬ ಅರ್ಥದಲ್ಲಿ. ಜನರ ಬಾಳು ಅದರಿಂದ ನರಕವಾಗುತ್ತದೆ ಎಂಬ ಕಾರಣಕ್ಕೆ. ಅದನ್ನು ಹೇಳುವುದಕ್ಕೆ ಹಕ್ಕೆಂಬ ಇನ್ನೊಂದು ವಸ್ತು ನನಗೆ ಬೇಕಾಗಿಲ್ಲ. ನಿಮಗೆ ಬೇಕೆನಿಸುವುದು ಏಕೆಂದು ಅರ್ಥವಾಗುತ್ತದೆ, ಅಷ್ಟನ್ನು ಒಪ್ಪುತ್ತೇನೆ.

ಹೊರನಾಡ ಕನ್ನಡತಿ:

ಬೇಕೆನಿಸುವುದು ಏಕೆಂದರೆ ಕೆಟ್ಟ ಕಾನೂನು ಎಂದು ಹೊರಗಿನವರು ಯಾರು ಬೇಕಾದರೂ ಹೇಳಬಹುದು, ನನ್ನ ಹಕ್ಕು ಎಂದು ಹೇಳಬಲ್ಲವನು ಒಳಗಿರುವವನು. ಪಟ್ನಿಯಲ್ಲಿ ಸೆಕ್ಸ್‌ಬಿ ಎಂಬ ಸಿಪಾಯಿ ಪ್ರತಿನಿಧಿ ಮಾಡಿದ್ದು ಅದನ್ನೇ. ನಮಗೆ ಆಸ್ತಿ ಇರಲಿಲ್ಲ, ಜನ್ಮಸಿದ್ಧ ಹಕ್ಕಿದೆಯೆಂದು ನಂಬಿ ಪ್ರಾಣವನ್ನು ಒಡ್ಡಿದೆವು. ಈಗ ಅದೂ ಇಲ್ಲವೆನ್ನುವುದಾದರೆ ನಾವು ಬರೀ ಸಂಬಳದ ಸಿಪಾಯಿಗಳಾಗಿದ್ದೆವೇ ಎಂದು ಅವನು ಅಧಿಕಾರಿಗಳನ್ನು ನೇರವಾಗಿ ಕೇಳಿದ. ಅದಕ್ಕೆ ಐರ್ಟನ್ ಕೊಟ್ಟ ಉತ್ತರ ನನಗೆ ಸಾಲದೆಂದೇ ಕಾಣುತ್ತದೆ: ಒಬ್ಬ ಅರಸನ ಮರ್ಜಿಯ ಬದಲು ಗೊತ್ತಾದ ಕಾನೂನಿನ ಕೆಳಗೆ ಬದುಕುವುದೇ ನಿಮಗೆ ಸಿಗುವ ಫಲ ಎಂದ.

ತುಂಗಾತೀರ:

ಚರ್ಚೆ ನಾನು ಎಣಿಸಿದ್ದಕ್ಕಿಂತ ಬಹಳ ದೂರ ಬಂದಿದೆ, ಎಲ್ಲರಿಗೂ ವಂದನೆಗಳು. ಪಟ್ನಿಯಲ್ಲಿ ಕಡೆಗೆ ಏನಾಯಿತೆಂದು ಕೆಲವರು ಖಾಸಗಿಯಾಗಿ ಕೇಳಿದ್ದಾರೆ. ನವೆಂಬರ್ 11ರಂದು ದೊರೆ ಹ್ಯಾಂಪ್ಟನ್ ಕೋರ್ಟಿನಿಂದ ತಪ್ಪಿಸಿಕೊಂಡ, ಎಲ್ಲರ ಗಮನ ಅತ್ತ ಹೋಯಿತು. 15ರಂದು ವೇರ್ ಊರಿನ ಬಳಿ 'ಜನತೆಯ ಒಪ್ಪಂದ'ದ ಪ್ರತಿಗಳನ್ನು ಟೋಪಿಗೆ ಸಿಕ್ಕಿಸಿಕೊಂಡು ಬಂದ ಸಿಪಾಯಿಗಳನ್ನು ಅಧಿಕಾರಿಗಳು ಅಡಗಿಸಿ, ರಿಚರ್ಡ್ ಅರ್ನಾಲ್ಡ್ ಎಂಬವನನ್ನು ಅಲ್ಲೇ ಗುಂಡಿಟ್ಟು ಕೊಂದರು.

ನನ್ನದೊಂದು ಪ್ರಶ್ನೆ ಉಳಿದಿದೆ. ಸೀಮಿತ ಮತದಾನದಲ್ಲಿ ಆರಿಸಿ ಬಂದ ಪ್ರಾಂತೀಯ ಶಾಸನಸಭೆಗಳು ನಮ್ಮ ಸಂವಿಧಾನ ಸಭೆಯ ಬಹುಪಾಲು ಸದಸ್ಯರನ್ನು ಆರಿಸಿದವು; 1935ರ ಕಾಯ್ದೆಯಡಿ ಆಸ್ತಿ, ತೆರಿಗೆ, ವಿದ್ಯೆ ಇವೇ ಆ ಮತಕ್ಕೆ ಅರ್ಹತೆಗಳಾಗಿದ್ದವು. ಐರ್ಟನ್ ಒಪ್ಪಬಹುದಾಗಿದ್ದ ಆ ಸಭೆ 326ನೇ ವಿಧಿಯಲ್ಲಿ ವಯಸ್ಕರೆಲ್ಲರಿಗೂ ಮತ ಕೊಟ್ಟಿತು. ಪ್ರಾಣ ಒಂದು ಕಡೆಗೆ, ಆಸ್ತಿ ಇನ್ನೊಂದು ಕಡೆಗೆ ಹೋದವು, ಸರಿ. ಪಟ್ನಿಯಲ್ಲಿ ಜಗಳವೆದ್ದದ್ದು ಯಾವುದಕ್ಕೋ ಆ ಮತ ಈಗ ಯಾವ ಕಡೆಗಿದೆ?

ಕರಿಕೋಟು:

ಐರ್ಟನ್ ಕಡೆಗೆ. ಮತದಾನ ಶಾಸನದಿಂದ ಬಂದ ಹಕ್ಕು ಎಂದು ಸುಪ್ರೀಂ ಕೋರ್ಟ್ 1952ರಲ್ಲೇ ಹೇಳಿತ್ತು. 1982ರ ಜ್ಯೋತಿ ಬಸು ಪ್ರಕರಣದಲ್ಲಿ ಆರಿಸುವ ಹಕ್ಕು ಮೂಲಭೂತ ಹಕ್ಕೂ ಅಲ್ಲ, ಬರೀ ಶಾಸನದ್ದು ಎಂದು ಇನ್ನಷ್ಟು ಖಚಿತವಾಗಿ ಬರೆಯಿತು. ಯಾರಿಗೆ ಹಾಕಬೇಕೆಂಬ ಆಯ್ಕೆಯಲ್ಲಿ ಅಭಿವ್ಯಕ್ತಿ ಸ್ವಾತಂತ್ರ್ಯವಿದೆ ಎಂದು 2003ರಲ್ಲಿ ಅಭಿಪ್ರಾಯ ಬಂದಿತಾದರೂ ಬುಡ ಅಲುಗಲಿಲ್ಲ. ಇದರ ಫಲವನ್ನು ನೋಡಬೇಕಾದರೆ 1951ರ ಪ್ರಜಾಪ್ರಾತಿನಿಧ್ಯ ಕಾಯ್ದೆಯ 62(5)ನ್ನು ತೆರೆಯಿರಿ. ಅಪರಾಧ ಇನ್ನೂ ಸಾಬೀತಾಗದೆ, ಜಾಮೀನಿಗೆ ಹಣ ಹೊಂದಿಸಲಾಗದೆ ಜೈಲಿನಲ್ಲಿರುವ ವಿಚಾರಣಾಧೀನ ಕೈದಿ ಮತ ಹಾಕುವಂತಿಲ್ಲ. ಅದೇ ಆರೋಪದಲ್ಲಿ ಜಾಮೀನು ಪಡೆದು ಹೊರಗಿರುವವನು ಹಾಕಬಹುದು. ಸುಪ್ರೀಂ ಕೋರ್ಟ್ 1997ರಲ್ಲಿ ಈ ನಿಯಮವನ್ನು ಎತ್ತಿಹಿಡಿಯಿತು. 2013ರ ತಿದ್ದುಪಡಿಯಾದ ಮೇಲೆ ಆ ಒಳಗಿರುವ ಕೈದಿಯೇ ಚುನಾವಣೆಗೆ ನಿಲ್ಲಬಹುದು, ಗೆಲ್ಲಲೂಬಹುದು. ತನ್ನ ಹೆಸರಿನ ಮುಂದಿನ ಗುಂಡಿಯನ್ನು ಒತ್ತಲು ಮಾತ್ರ ಅವನನ್ನು ಮತಗಟ್ಟೆಗೆ ಬಿಡುವುದಿಲ್ಲ.